ಥರ್ಮೋಕಪಲ್ ಎಲ್ಲಿತ್ತು?

‘400 ಡಿಗ್ರಿಯಲ್ಲೇ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಬೆಳೆಸಿದೆವು’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ: ತಾಪ ಅಳೆಯುವ ಥರ್ಮೋಕಪಲ್ ಎಲ್ಲಿಟ್ಟಿದ್ದಿರಿ?

ಸುಮ್ನೆ ಕೇಳುವ ಪ್ರಶ್ನೆಯಲ್ಲ. ಒಮ್ಮೆ ಕೊಳವೆ ಬೆಳೆಸುವ ನಮ್ಮ ಚೇಂಬರಿನಿಂದ ಗಾಜಿನ ಸ್ಯಾಂಪಲ್ ಬಾಗಿಕೊಂಡು ಹೊರಬಂತು. ಮೀಟರ್ ಕೊನೆಯವರೆಗೂ 420 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಮಾಮೂಲಿ ಕಿಟಕಿ ಗಾಜು ಬಾಗಬೇಕಾದರೆ 500 ದಾಟಲೇಬೇಕು. ಥರ್ಮೋಕಪಲ್ ಹೀಟರ್ ಪಕ್ಕದಲ್ಲಿತ್ತು, ಅದು ತಳದ ಬಿಸಿಯನ್ನಷ್ಟೇ ಅಳೆಯುತ್ತಿತ್ತು. ಮೇಲ್ಗಡೆ ಪ್ಲಾಸ್ಮಾದ, ಅಂದರೆ ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲದ, ಅಯಾನುಗಳು ಗಾಜಿನ ಮುಖಕ್ಕೆ ಬಡಿದು ಅದನ್ನು ಬೇರೆಯೇ ಕಾಯಿಸುತ್ತಿದ್ದವು. ಡಿಸಿ ಪ್ಲಾಸ್ಮಾದ ಪವರ್ ಏರಿಸುತ್ತಾ ಹೋದರೆ ಹೀಟರ್ ಹಾಕದೆಯೇ ಮೇಲ್ಮೈ 700 ಡಿಗ್ರಿ ಮುಟ್ಟಬಹುದು.

ಈ ಕೊಳವೆಗಳು ನಮಗೆ ಬೇಕಾಗಿರುವುದು ತಣ್ಣಗಿನ ಎಲೆಕ್ಟ್ರಾನ್ ಮೂಲವಾಗಿ. ಹಳೆಯ ಟಿವಿ ಟ್ಯೂಬಿನಲ್ಲಿ ಕ್ಯಾಥೋಡನ್ನು ಕಾಯಿಸಿ ಎಲೆಕ್ಟ್ರಾನ್ ಹೊರಡಿಸುತ್ತಿದ್ದರು. ಫೀಲ್ಡ್ ಎಮಿಷನ್‌ನಲ್ಲಿ ಕಾಯಿಸುವುದಿಲ್ಲ. ಬಲವಾದ ವಿದ್ಯುತ್ ಕ್ಷೇತ್ರ ಮೇಲ್ಮೈಯ ತಡೆಗೋಡೆಯನ್ನು ತೆಳುವಾಗಿಸುತ್ತದೆ, ಎಲೆಕ್ಟ್ರಾನ್ ಅದರೊಳಗಿಂದ ನುಸುಳಿ ಬರುತ್ತದೆ. ಭೌತವಿಜ್ಞಾನಿಗಳಾದ ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲೇ ಇದರ ಲೆಕ್ಕ ಬರೆದಿಟ್ಟರು. ತೊಂದರೆ ಏನೆಂದರೆ, ಒಂದು ನ್ಯಾನೊಮೀಟರಿಗೆ ಕೆಲವು ವೋಲ್ಟ್‌ನಷ್ಟು ಕ್ಷೇತ್ರ ಬೇಕು. ಚಪ್ಪಟೆ ಲೋಹದ ಮೇಲೆ ಅಷ್ಟು ತರುವುದು ಆಗದ ಮಾತು. ಚೂಪು ತುದಿಯಲ್ಲಾದರೆ ಕ್ಷೇತ್ರ ತಾನಾಗಿ ಒಟ್ಟುಗೂಡುತ್ತದೆ. 5 ಮೈಕ್ರೋಮೀಟರ್ ಎತ್ತರ, 20 ನ್ಯಾನೊಮೀಟರ್ ತ್ರಿಜ್ಯದ ಕೊಳವೆ ಒಂಟಿಯಾಗಿ ನಿಂತಿದ್ದರೆ ತುದಿಯಲ್ಲಿ ಸುಮಾರು 250 ಪಟ್ಟು ಜಾಸ್ತಿಯಾಗುತ್ತದೆ.

ಆದರೆ ಬರೀ ಶಾಖದಿಂದ ಕೊಳವೆ ಬೆಳೆಸುವ ಮಾಮೂಲಿ ವಿಧಾನಕ್ಕೆ 700ರಿಂದ 900 ಡಿಗ್ರಿ ಬೇಕು. ಗಾಜು ಅಷ್ಟು ತಾಳುವುದಿಲ್ಲ. ಟ್ರಾನ್ಸಿಸ್ಟರ್, ಲೋಹದ ಗೆರೆ ಎಲ್ಲ ಮುಗಿದ ಚಿಪ್ಪಂತೂ 400–450ರ ಆಚೆ ಬೇಡವೇ ಬೇಡ ಅನ್ನುತ್ತದೆ.

ಬೆಳವಣಿಗೆಗೆ ಒಂದೇ ತಾಪಮಾನ ಎಂದು ನಾವು ಮಾತಾಡುತ್ತೇವಲ್ಲ, ಅಲ್ಲೇ ಎಡವುವುದು. ಒಳಗೆ ನಡೆಯುವುದು ಮೂರು ಕೆಲಸ. ನಿಕ್ಕಲ್ ಅಥವಾ ಕಬ್ಬಿಣದ ತೆಳು ಫಿಲ್ಮ್ ಒಡೆದು ನ್ಯಾನೊ ಗಾತ್ರದ ಕಣಗಳಾಗಬೇಕು. ಅಸಿಟಿಲೀನ್ ಅನಿಲ ಒಡೆದು ಇಂಗಾಲ ಸಿಗಬೇಕು. ಆ ಇಂಗಾಲ ಕಣದ ಮೇಲೆ ಓಡಾಡಿ ಕೊಳವೆಯಾಗಿ ಕೂರಬೇಕು. ಎರಡನೆಯದಕ್ಕೆ ಪ್ಲಾಸ್ಮಾ ನೆರವಾಗುತ್ತದೆ. ಮೂರನೆಯದಕ್ಕೆ ನಾವು ಅಂದುಕೊಂಡಷ್ಟು ಬಿಸಿ ಬೇಕಿಲ್ಲ. ಹಾಫ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಪ್ಲಾಸ್ಮಾ ಬಳಸಿ 120 ಡಿಗ್ರಿಯಲ್ಲೂ ಇಂಗಾಲದ ನ್ಯಾನೊ ಎಳೆಗಳನ್ನು ಬೆಳೆಸಿ ತೋರಿಸಿದರು. ಅವರಿಗೆ ಸಿಕ್ಕ ಸಕ್ರಿಯಣ ಶಕ್ತಿ (ಬೆಳವಣಿಗೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಬರೀ 0.23 ಎಲೆಕ್ಟ್ರಾನ್ ವೋಲ್ಟ್. ಇಂಗಾಲ ಕಣದ ಒಳಗಿಂದ ತೂರಿ ಬರದೆ ಮೇಲ್ಮೈಯಲ್ಲೇ ಜಾರುತ್ತಾ ಬರುತ್ತದೆ ಅಂದರೆ ಈ ಸಂಖ್ಯೆಗೆ ಅರ್ಥ ಬರುತ್ತದೆ.

ಹಟಮಾರಿ ಮೊದಲನೆಯದು. ಫಿಲ್ಮ್ ಒಡೆಯಲಿಲ್ಲವೆಂದರೆ ಮೇಲೆ ಕೂರುವುದು ಕೊಳವೆಯಲ್ಲ, ಮಸಿ. ಅದಕ್ಕೇ ನಾನು ಅಸಿಟಿಲೀನ್ ಬಿಡುವ ಮೊದಲು ಅಮೋನಿಯಾ ಪ್ಲಾಸ್ಮಾ ಹಚ್ಚುತ್ತೇನೆ. ಅದು ಆಕ್ಸೈಡನ್ನು ಕಳೆಯುತ್ತದೆ, ಫಿಲ್ಮ್ ಒಡೆಯಲು ಕೈಜೋಡಿಸುತ್ತದೆ. ಬೆಳವಣಿಗೆ ಶುರುವಾದ ಮೇಲೂ ಅಮೋನಿಯಾ ಇದ್ದರೆ ಬೇಡದ ಮಸಿಯನ್ನು ತಿಂದುಹಾಕುತ್ತದೆ.

ಹೀಗೆ ಬೆಳೆದ ಕೊಳವೆ ನೋಡಲು ಚೆಂದವಿರುವುದಿಲ್ಲ. ಒಂದರೊಳಗೊಂದು ಲೋಟ ಜೋಡಿಸಿಟ್ಟ ಹಾಗೆ ಪದರಗಳು, ತುಂಬಾ ದೋಷ. ಆದರೂ ಎಲೆಕ್ಟ್ರಾನ್ ಬರುತ್ತದೆ, ಯಾಕೆಂದರೆ ಕ್ಷೇತ್ರಕ್ಕೆ ಮುಖ್ಯ ಆಕಾರ. ಕರೆಂಟ್ ಏರಿಸಿದಾಗ ಮಾತ್ರ ಬಣ್ಣ ಬಯಲಾಗುತ್ತದೆ: ದೋಷಗಳಲ್ಲಿ, ಬುಡದ ಸಡಿಲ ಸಂಪರ್ಕದಲ್ಲಿ ಬಿಸಿ ಹುಟ್ಟಿ ಕೊಳವೆ ಕಿತ್ತು ಹಾರುತ್ತದೆ, ಕಿಡಿ ಹಾರಿ ಅಕ್ಕಪಕ್ಕದವನ್ನೂ ಸುಡುತ್ತದೆ. ಹಾಗಾಗಿ ಎಷ್ಟು ವೋಲ್ಟ್‌ಗೆ ಎಮಿಷನ್ ಶುರುವಾಯಿತು ಅನ್ನುವುದಕ್ಕಿಂತ ಎಷ್ಟು ಗಂಟೆ ಬಾಳಿತು ಅನ್ನುವುದನ್ನೇ ನಾನು ನೋಡುವುದು.

ಇನ್ನು, ಮೈಕ್ರೋಸ್ಕೋಪಿನಲ್ಲಿ ದಟ್ಟ ಕಾಡು ಕಂಡರೆ ವಿದ್ಯಾರ್ಥಿಗಳಿಗೆ ಖುಷಿಯೋ ಖುಷಿ. ನನಗೆ ಬೇಜಾರು. ಒತ್ತೊತ್ತಾಗಿ ನಿಂತರೆ ಒಂದು ಇನ್ನೊಂದರ ಕ್ಷೇತ್ರಕ್ಕೆ ಮರೆಯಾಗುತ್ತದೆ. ಎತ್ತರದ ಸುಮಾರು ಎರಡು ಪಟ್ಟು ಅಂತರವಿದ್ದರೆ ಒಳ್ಳೆಯದು.

ಬಿಸಿಯ ವಿಷಯಕ್ಕೆ ಮತ್ತೆ ಬರೋಣ. ಈಗ ಪ್ರತಿ ಹೊಸ ರೆಸಿಪಿಗೂ ಮೊದಲು ಒಂದು ಬೇಡದ ಗಾಜಿನ ಚೂರಿನ ಮೇಲೆ, ತಾಪಕ್ಕೆ ಬಣ್ಣ ಬದಲಿಸುವ ಪೇಂಟಿನ ಚುಕ್ಕೆಗಳನ್ನಿಟ್ಟು, ಅಸಿಟಿಲೀನ್ ಇಲ್ಲದೆ ಬರೀ ಅಮೋನಿಯಾ ಪ್ಲಾಸ್ಮಾ ಓಡಿಸುತ್ತೇವೆ. ಲಾಗ್ ಪುಸ್ತಕದಲ್ಲಿ ಎರಡು ಕಾಲಂ ಇವೆ: ಮೀಟರ್ ಹೇಳಿದ್ದು, ಚುಕ್ಕೆ ಹೇಳಿದ್ದು.