ಹಾಲ್‌ನಿಂದ ಬೆಡ್‌ರೂಮಿಗೆ ಒಂದು ಫೈಲ್

ಡೊಂಬಿವಲಿಯ ನಮ್ಮ ಮನೆಯಲ್ಲಿ ಹಾಲ್‌ನಿಂದ ಬೆಡ್‌ರೂಮಿಗೆ ಹತ್ತು ಹೆಜ್ಜೆ. ಅಷ್ಟು ದೂರ ಹೋಗಲು ಒಂದು ಯಕ್ಷಗಾನದ ವೀಡಿಯೋಗೆ ಭಾನುವಾರದ ಇಡೀ ಮಧ್ಯಾಹ್ನ ಬೇಕಾಯಿತು.

ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಮಗಳದ್ದು ಮ್ಯಾಕ್. ಮಗನ ಹಳೇ ಡಬ್ಬದಲ್ಲಿ ಲಿನಕ್ಸ್. ಊರಿನಿಂದ ಮೇಳ ಬಂದಾಗ ನಾನು ಮಾಡಿದ ರೆಕಾರ್ಡಿಂಗ್ ಆರು ಜಿಬಿ ಇತ್ತು. ಮಗಳು ಎಡಿಟ್ ಮಾಡಿಕೊಡುತ್ತೇನೆ ಅಂದಳು. ಪೆನ್‌ಡ್ರೈವ್‌ಗೆ ಹಾಕಹೋದರೆ ಫೈಲ್ ಜಾಸ್ತಿ ದೊಡ್ಡದಾಯಿತು ಎಂಬ ತಕರಾರು. ಪೆನ್‌ಡ್ರೈವ್ ಪೂರ್ತಿ ಖಾಲಿ ಇದೆ! ತೊಂದರೆ ಇದ್ದದ್ದು ಅದರ ಫಾರ್ಮ್ಯಾಟಿನಲ್ಲಿ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ. ಫ್ಯಾಟ್32ನಲ್ಲಿ ಫೈಲಿನ ಗಾತ್ರ ಬರೆದಿಡಲು 32 ಬಿಟ್ ಜಾಗ ಮಾತ್ರ. 4 ಜಿಬಿ ಮುಟ್ಟುವ ಸಂಖ್ಯೆ ಅಲ್ಲಿ ಹಿಡಿಸುವುದಿಲ್ಲ. ಸರಿ, ಎನ್‌ಟಿಎಫ್‌ಎಸ್ ಮಾಡಿದೆ. ಮ್ಯಾಕ್ ಅದನ್ನು ಓದಿತು, ಆದರೆ ಎಡಿಟ್ ಆದದ್ದನ್ನು ಅದರೊಳಗೆ ಬರೆಯಲು ಒಪ್ಪಲಿಲ್ಲ. ಮೂವರಿಗೂ ಒಗ್ಗುವ ಎಕ್ಸ್‌ಫ್ಯಾಟ್ ಒಂದಿದೆ ಅಂತ ಆಮೇಲೆ ಮಗ ಹೇಳಿದ. ಮೊದಲೇ ಹೇಳಬಾರದಿತ್ತಾ?

ಆದರೆ ಅವನ ನಿಜವಾದ ಸಲಹೆ ಬೇರೆ. ಮನೆಯಲ್ಲಿ ವೈಫೈ ಇದೆ, ಪೆನ್‌ಡ್ರೈವ್ ಯಾಕೆ? ಅಲ್ಲಿ ಫಾರ್ಮ್ಯಾಟಿನ ಜಗಳವೇ ಬರುವುದಿಲ್ಲ ಅಂದ. ನನಗೆ ನಂಬಿಕೆ ಬರಲಿಲ್ಲ. ಡಿಸ್ಕ್ ಅದೇ ಎನ್‌ಟಿಎಫ್‌ಎಸ್ ಅಲ್ವಾ?

ಮಾಟುಂಗದ ಉಡುಪಿ ಹೋಟೆಲ್ ನೆನೆಸಿಕೊಳ್ಳಿ. ಪೆನ್‌ಡ್ರೈವ್ ಕೊಡುವುದೆಂದರೆ ಗಿರಾಕಿಯನ್ನು ಸೀದಾ ಅಡುಗೆಮನೆಗೆ ಬಿಟ್ಟ ಹಾಗೆ. ಯಾವ ಡಬ್ಬದಲ್ಲಿ ಏನಿದೆ ಅಂತ ಅವನಿಗೇ ಗೊತ್ತಿರಬೇಕು. ನೆಟ್‌ವರ್ಕಿನಲ್ಲಿ ಹಾಗಲ್ಲ. ಮ್ಯಾಕ್ ಟೇಬಲ್ಲಿನಲ್ಲಿ ಕೂತು ಫೈಲಿನ ಹೆಸರು ಹೇಳುತ್ತದೆ. ಡಿಸ್ಕ್ ತಡಕಿ ತಂದುಕೊಡುವುದು ವಿಂಡೋಸಿನ ಕೆಲಸ. ಇಬ್ಬರಿಗೂ ಬೇಕಾದದ್ದು ಆರ್ಡರ್ ಕೊಡುವ ಒಂದು ಭಾಷೆ ಮಾತ್ರ.

ಆ ಭಾಷೆಯ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆಯಿತು. ಲಿನಕ್ಸ್ ಅದನ್ನು ಕಲಿತ ಕತೆ ಮುಂಬೈಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ ತನ್ನ ಪಿಸಿಯಿಂದ, ಲಿನಕ್ಸಿನ ಹಿರಿಯಣ್ಣನಂತಿರುವ ಯುನಿಕ್ಸ್ ಯಂತ್ರದ ಫೈಲ್ ನೋಡಬೇಕಿತ್ತು. ಭಾಷೆಯ ವ್ಯಾಕರಣ ಕೈಯಲ್ಲಿರಲಿಲ್ಲ. ಹಾಗಾಗಿ ತಂತಿಯಲ್ಲಿ ಹೋಗಿ ಬರುವ ಮಾತನ್ನು ಸುಮ್ನೆ ಕೇಳುತ್ತಾ ಕೂತರು. ಇದು ಕೇಳಿದಾಗ ಅದು ಬರುತ್ತದೆ, ಅದು ಕೇಳಿದಾಗ ಇದು. 1992ರ ಆರಂಭದಲ್ಲಿ ತನ್ನ ಪ್ರೋಗ್ರಾಮ್ ಹೊರಬಿಟ್ಟರು. ಫ್ರೆಂಚ್ ಬಾರದವನು ಹೋಟೆಲಿನಲ್ಲಿ ಕೂತು ಮಾಣಿಯನ್ನು ನೋಡಿ ಫ್ರೆಂಚ್ ಕಲಿತ ಹಾಗೆ ಅಂತ ಆಮೇಲೆ ಅವರೇ ವಿವರಿಸಿದರು. ನನ್ನ ಮಾವ ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ ಮರಾಠಿ, ಗುಜರಾತಿ ಎರಡನ್ನೂ ಕಲಿತದ್ದು ಬೇರೆ ಹೇಗೆ?

ಆ ಪ್ರೋಗ್ರಾಮಿನ ಮೊದಲ ಹೆಸರಿನ ಹಕ್ಕು ಬೇರೊಂದು ಕಂಪನಿಯದ್ದಾಗಿತ್ತು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನಲ್ಲೇ ಹುಡುಕಿದರು. ಸಾಲ್ಮನ್‌ಬೆರಿ ಸಿಕ್ಕಿತು, ಸಾಂಬಾ ಸಿಕ್ಕಿತು. ಪುಣ್ಯಕ್ಕೆ ಸಾಂಬಾ ಆರಿಸಿಕೊಂಡರು. ಮ್ಯಾಕ್ ಕೂಡ 2013ರಿಂದ ತನ್ನ ಸ್ವಂತ ಭಾಷೆ ಬಿಟ್ಟು ಎಸ್‌ಎಂಬಿಯನ್ನೇ ಮೊದಲು ಆಡುತ್ತದೆ.

ಒಂದು ಎಚ್ಚರಿಕೆ. ಎಸ್‌ಎಂಬಿಯ ಮೊದಲ ಆವೃತ್ತಿ ಬೇಡ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದ್ದು ವಿಂಡೋಸಿನಲ್ಲಿ ಅದಕ್ಕಿದ್ದ ತೂತಿನಿಂದ. ಹಳೇ ಟಿವಿ ಬಾಕ್ಸ್ ಒಂದು ಅದನ್ನೇ ಕೇಳಿದರೆ, ಬಾಕ್ಸನ್ನು ಬಿಡಿ.

ಅರ್ಧ ಗಂಟೆಯಲ್ಲಿ ವೀಡಿಯೋ ಮಗಳ ಮ್ಯಾಕ್ ಸೇರಿತು. ಹುಮ್ಮಸ್ಸಿನಲ್ಲಿ ಊರಿನ ಫೋಟೋಗಳನ್ನೂ ಮಗನ ಲಿನಕ್ಸಿಗೆ ಸೇರಿಸಿದೆವು. ಅಲ್ಲಿ ‘ಫೋಟೋ’ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ! ಒಂದೇ ಜಾಗದಲ್ಲಿ ಒಂದೇ ಹೆಸರಿನವು ಎರಡು ಇರುವಂತಿಲ್ಲ. ಒಂದನ್ನು ಮಗಳು ಹಳೇ ಮ್ಯಾಕ್‌ನಲ್ಲಿ ಜಿಪ್ ಮಾಡಿಟ್ಟಿದ್ದಳು. ಆ ಕಾಲದ ಮ್ಯಾಕ್ ಫೈಲಿನ ಹೆಸರನ್ನು ಬಿಡಿಸಿ ಇಡುತ್ತಿತ್ತು. ನಾವು ಬರೆದ ‘ಫೋ’ದ ಓತ್ವ ಅದಕ್ಕೆ ಎತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ತುಂಡು. ವಿಂಡೋಸಿನಿಂದ ಬಂದದ್ದರಲ್ಲಿ ಅದು ಒಂದೇ ಗುರುತು. ಕಣ್ಣಿಗೆ ಎರಡೂ ಒಂದೇ. ಕೋಡ್ ಮಾತ್ರ ನೋಡುವ ಲಿನಕ್ಸಿಗೆ ಬೇರೆ ಬೇರೆ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಬಾಯಿಪಾಠ ಮಾಡಿದ ನನಗೆ ತಕ್ಷಣ ಹೊಳೆಯಿತು. ಮುಂಬೈಯಲ್ಲೇ ಓದಿದ ಮಕ್ಕಳಿಗೆ ‘ಕೊಂಬಿನ ಇಳಿ’ ಅಂದರೇನು ಅಂತ ಹೇಳಲು ಇನ್ನರ್ಧ ಗಂಟೆ ಹೋಯಿತು.