ನನ್ನ ಗದ್ದೆಯಲ್ಲಿ ನಾನಾಡಿದ ಮಾತಿಗೂ ಕೇಸೇ?

ಪ್ರಶ್ನೆ: ನಾಟಿ ನಡೆದಾಗ ಸಿಟ್ಟಿನಲ್ಲಿ ಕೂಲಿಯವರೊಬ್ಬರನ್ನು ಜಾತಿ ಹೆಸರು ಹಿಡಿದು ಬೈದೆ. ಗದ್ದೆ ನನ್ನದು, ಕೈ ಎತ್ತಿಲ್ಲ. ಬರೀ ಮಾತಿಗೂ ಕೇಸ್ ಆಗುತ್ತದೆಯೇ? ಸಂವಿಧಾನ ವಾಕ್ ಸ್ವಾತಂತ್ರ್ಯ ಕೊಟ್ಟಿಲ್ಲವೇ?
(ಕಾರಟಗಿ ಕಡೆಯ ಓದುಗರು)

ಆಗಬಹುದು, ಬರೀ ಮಾತಿಗೇ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಈ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ‘ಗದ್ದೆ ನನ್ನದು’ ಎಂಬುದೇ ಎಲ್ಲರ ಆಸರೆ.

ದೌರ್ಜನ್ಯ ತಡೆ ಕಾಯ್ದೆ, 1989ರ ಕಲಂ 3(1)(ಎಸ್) ಹೇಳುವುದಿಷ್ಟು: ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಸಮುದಾಯಗಳಿಗೆ ಸೇರದವರು ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಸ್ಥಳದಲ್ಲಿ ಜಾತಿ ಹೆಸರಿನಿಂದ ನಿಂದಿಸಿದರೆ ಆರು ತಿಂಗಳಿನಿಂದ ಐದು ವರ್ಷ ಜೈಲು, ಜೊತೆಗೆ ದಂಡ. ಪಹಣಿ ಯಾರ ಹೆಸರಿನಲ್ಲಿದೆ ಎಂದು ಕಾಯ್ದೆ ಕೇಳುವುದೇ ಇಲ್ಲ. ಯಾರು ಕಂಡರು, ಯಾರು ಕೇಳಿಸಿಕೊಂಡರು ಎಂದು ಕೇಳುತ್ತದೆ. ಅಂಗಳ ಖಾಸಗಿಯಾದರೂ ಹೊರಗಿನ ರಸ್ತೆಯವರಿಗೆ ಕಾಣುವಂತಿದ್ದರೆ ಅದು ಸಾರ್ವಜನಿಕ ನೋಟದಲ್ಲೇ ಇದೆ ಎಂದು ಸುಪ್ರೀಂ ಕೋರ್ಟ್ 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಹೊರಗಿನವರಾರೂ ಇಲ್ಲದ ನಾಲ್ಕು ಗೋಡೆಗಳೊಳಗಿನ ಮಾತು ಈ ಕಲಮಿನಡಿ ಬರುವುದಿಲ್ಲ ಎಂದು 2020ರ ಹಿತೇಶ್ ವರ್ಮಾ ತೀರ್ಪು ಹೇಳುತ್ತದೆ. ಗದ್ದೆಗೆ ಗೋಡೆ ಎಲ್ಲಿದೆ?

ಅಂಥದ್ದೊಂದು ಬದುವಿನ ಮೇಲೆ ನಾನೂ ನಿಂತಿದ್ದೆ. ಬೈಸಿಕೊಂಡವರಿಗೆ ಅರವತ್ತು ದಾಟಿತ್ತು. ಸಸಿಯ ಸೂಡು ಇನ್ನೂ ಕೈಯಲ್ಲಿತ್ತು, ಕೆಸರು ಮೊಣಕಾಲಿನವರೆಗೆ. ಬೈದವನ ಕಡೆ ಅವರು ತಿರುಗಲಿಲ್ಲ. ಬುತ್ತಿ ತಂದಿದ್ದ ಮೊಮ್ಮಗನಿಗೆ ಕೇಳಿಸಿತೇ ಎಂದು ನೋಡಿದರು. ‘ಸೋಮಾರಿ’ ಎಂದಿದ್ದರೆ ಅದು ಅವರೊಬ್ಬರಿಗೆ ಮುಗಿಯುತ್ತಿತ್ತು. ಜಾತಿ ಹೆಸರು ಆ ಹುಡುಗನಿಗೂ ಬಡಿಯಿತು.

ಇನ್ನು ವಾಕ್ ಸ್ವಾತಂತ್ರ್ಯ. 19(1)(ಎ) ವಿಧಿ ಕೊಟ್ಟ ಹಕ್ಕಿಗೆ 19(2) ವಿಧಿಯೇ ಸಕಾರಣ ನಿರ್ಬಂಧಗಳನ್ನು ಹೆಸರಿಸಿದೆ: ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದವು. ಹಾಗೆಂದು ಕಹಿ ಮಾತೆಲ್ಲ ಅಪರಾಧವಲ್ಲ. ಆನ್‌ಲೈನ್ ಸಂದೇಶದಿಂದ ಯಾರಿಗಾದರೂ ಕಿರಿಕಿರಿಯಾದರೂ ಶಿಕ್ಷಿಸುತ್ತಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಸರ್ಕಾರವನ್ನು ಟೀಕಿಸಿ, ಮೀಸಲಾತಿ ನೀತಿಯ ಬಗ್ಗೆ ವಾದಿಸಿ, ಕೆಲಸ ಸರಿಯಾಗಲಿಲ್ಲವೆಂದು ಜಗಳವನ್ನೇ ಆಡಿ. ಆ ಹಕ್ಕು ನಿಮಗಿದೆ, ಅದು ಉಳಿಯಬೇಕೆಂದು ನಾನೂ ಬಯಸುತ್ತೇನೆ.

ಸಿಟ್ಟಿಗೆ ಮಾತ್ರ ಈ ಕಲಮಿನಲ್ಲಿ ವಿನಾಯಿತಿ ಬರೆದಿಲ್ಲ. ದೂರು ದಾಖಲಾಗಿದ್ದರೆ ವಕೀಲರನ್ನು ಕಾಣಿ. ಕ್ಷಮೆ ಕೇಳಿದ ಮಾತ್ರಕ್ಕೆ ಕೇಸ್ ಮುಗಿಯುವುದಿಲ್ಲ. ಆದರೂ ಕೇಳಿ. ಅವರನ್ನು ನಿಮ್ಮ ಮನೆಗೆ ಕರೆಸಬೇಡಿ. ಅದೇ ಬದುವಿಗೆ ಹೋಗಿ, ಅಂದು ಕೇಳಿಸಿಕೊಂಡವರೆಲ್ಲರ ಎದುರಿನಲ್ಲಿ ಕೇಳಿ.