ಕಲ್ಲಂಗಡಿ ನೆಲಕ್ಕೆ ಬಿದ್ದರೆ ಬ್ರಿಟನ್ ಯಾಕೆ ನಗುತ್ತದೆ?

2015ರ ಜುಲೈನಲ್ಲಿ ಬ್ರಿಟನ್ನಿನ ಡೇವ್ ಚಾನೆಲ್‌ನಲ್ಲಿ 'ಟಾಸ್ಕ್‌ಮಾಸ್ಟರ್' ಅನ್ನೋ ಟಿವಿ ಕಾರ್ಯಕ್ರಮ ಶುರುವಾಯಿತು. ಐವರು ಹಾಸ್ಯ ಕಲಾವಿದರಿಗೆ ಕೊಟ್ಟ ಮೊದಲ ಕೆಲಸ ಇಷ್ಟೇ: ಒಂದು ನಿಮಿಷದಲ್ಲಿ ಆದಷ್ಟೂ ಕಲ್ಲಂಗಡಿ ತಿನ್ನಬೇಕು. ಅವರಲ್ಲೊಬ್ಬರಾದ ರೊಮೇಶ್ ರಂಗನಾಥನ್ ಹಣ್ಣನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಒಡೆದು ಚೂರಾದದ್ದನ್ನು ಕೈಯಲ್ಲೇ ಬಾಚಿ ಬಾಯಿಗೆ ತುರುಕಿಕೊಂಡರು. ಸ್ಟ್ಯಾಂಡಪ್‌ಗೆ ಬರುವ ಮೊದಲು ಅವರು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅಲ್ಲಿ ಜೋಕ್ ಇರಲಿಲ್ಲ, ಮಾತಿನ ಚಮಕ್ಕೂ ಇರಲಿಲ್ಲ. ಆದರೂ ಇವತ್ತಿಗೂ ಆ ಕಾರ್ಯಕ್ರಮದ ಅಭಿಮಾನಿಗಳು ಮೊದಲು ನೆನೆಸಿಕೊಳ್ಳುವುದು ಆ ಹಣ್ಣನ್ನೇ.

ಇಂಗ್ಲಿಷ್ ಹಾಸ್ಯ ಅಂದರೆ ಮಾತಿನ ಹಾಸ್ಯ ಅಂತ ನಾವು ಅಂದುಕೊಂಡಿರುತ್ತೇವೆ. ಮುಖ ಗಂಟಿಕ್ಕಿಕೊಂಡು ಚುಚ್ಚುವ ಮಾತು, ಪದಗಳ ಆಟ, ಅಷ್ಟೇ. ಅದು ಅರ್ಧ ಸತ್ಯ. ಉಳಿದರ್ಧ ಮೈಯಿಂದ ಹುಟ್ಟಿದ್ದು. ಮೈಗೆ ಆ ಕೆಲಸ ಹಚ್ಚಿದ್ದರಲ್ಲಿ ಒಂದು ಕಾನೂನಿನ ಪಾಲು ದೊಡ್ಡದು.

1737ರಲ್ಲಿ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ವಾಲ್ಪೋಲ್ ಸರ್ಕಾರಕ್ಕೆ ತನ್ನನ್ನು ಅಣಕಿಸುವ ನಾಟಕಗಳನ್ನು ಸಹಿಸಿಕೊಳ್ಳಲು ಆಗಲಿಲ್ಲ. ಪರವಾನಗಿ ಕಾಯ್ದೆ ತಂದಿತು. ಲಂಡನ್ನಿನಲ್ಲಿ ಮಾತಿನ ನಾಟಕ ಆಡುವ ಹಕ್ಕು ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್ ರಂಗಮಂದಿರಗಳಿಗೆ ಸೀಮಿತವಾಯಿತು. ಉಳಿದವರು ಹೊಟ್ಟೆಪಾಡಿಗೆ ಏನು ಮಾಡಬೇಕು? ಹಾಡು, ಕುಣಿತ, ಲಾಗ, ಮೂಕಾಭಿನಯ. ಬಾಯಿ ಕಟ್ಟಿದರೆ ಕೈಕಾಲು ಮಾತಾಡಲೇಬೇಕಲ್ವಾ?

ಹೀಗೆ ಬೆಳೆದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಜೋಸೆಫ್ ಗ್ರಿಮಾಲ್ಡಿ. 1778ರಲ್ಲಿ ಹುಟ್ಟಿ, ಇನ್ನೂ ಮಗುವಾಗಿದ್ದಾಗಲೇ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ರಂಗವೇರಿದವನು. ಮುಖಕ್ಕೆ ಬಿಳಿ ಬಣ್ಣ, ಕೆನ್ನೆಗೆ ಕೆಂಪು. ಬೀಳುವುದು, ಜಿಗಿಯುವುದು, ಏಟು ತಿನ್ನುವುದು, ಇದೇ ಅವನ ಬದುಕು. ಕೀಲುಗಳು ಸವೆದು ಹೋದವು. 1828ರಲ್ಲಿ ಡ್ರೂರಿ ಲೇನ್‌ನಲ್ಲಿ ಬೀಳ್ಕೊಡುಗೆಯ ಪ್ರದರ್ಶನ ಕೊಟ್ಟಾಗ ಅವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ನಿಲ್ಲಲು ಆಗದೆ ಕುರ್ಚಿಯಲ್ಲಿ ಕೂತೇ ಆಡಿದ. ಲಂಡನ್ನನ್ನು ನಗಿಸಿದ ಕಾಲುಗಳು ಅಂದು ಅವನನ್ನೇ ಹೊರಲಿಲ್ಲ.

1843ರಲ್ಲಿ ಕಾನೂನು ಬದಲಾಯಿತು, ಆದರೆ ಇನ್ನೊಂದು ಗೆರೆ ಬಿತ್ತು. ನಾಟಕ ಆಡುವ ಸಭಾಂಗಣದಲ್ಲಿ ಮದ್ಯ ಇಲ್ಲ, ಮದ್ಯ ಕೊಡುವ ಕಡೆ ನಾಟಕ ಇಲ್ಲ. ಕುಡಿತವನ್ನು ಬಿಡದ ಜಾಗಗಳು ಮ್ಯೂಸಿಕ್ ಹಾಲ್‌ಗಳಾದವು. ಗ್ಲಾಸಿನ ಸದ್ದು, ಹೊಗೆ, ಗಲಾಟೆ. ಮೈಕ್ ಇನ್ನೂ ಬಂದಿರಲಿಲ್ಲ. ಅಂಥ ಕಡೆ ಹಿಂದಿನ ಸಾಲಿಗೆ ಮಾತು ಮುಟ್ಟದಿದ್ದರೂ ಮೈ ಮುಟ್ಟುತ್ತದೆ. ಅಲ್ಲಿಯ ಮಹಾನ್ ತಾರೆ ಡ್ಯಾನ್ ಲೆನೊ ಮೊದಲು ಗೆದ್ದದ್ದು ಮರದ ಮೆಟ್ಟು ಹಾಕಿ ಕುಣಿಯುವ ಸ್ಪರ್ಧೆಯಲ್ಲಿ. ಫ್ರೆಡ್ ಕಾರ್ನೊ ಅನ್ನುವವರ ಹಾಸ್ಯ ತಂಡದಲ್ಲಿ ಬಿದ್ದೆದ್ದು ಪಳಗಿದ ಇಬ್ಬರು ಹುಡುಗರು 1910ರಲ್ಲಿ ಒಂದೇ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಒಬ್ಬ ಚಾರ್ಲಿ ಚಾಪ್ಲಿನ್, ಇನ್ನೊಬ್ಬ ಸ್ಟಾನ್ ಲಾರೆಲ್.

ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇರುವುದು ಟಾಮಿ ಕೂಪರ್ ಹತ್ತಿರ. ಆರಡಿ ಮೀರಿದ ದೊಡ್ಡ ಆಳು, ತಲೆಗೆ ಕೆಂಪು ತುರ್ಕಿ ಟೋಪಿ. ಮಾಡುವುದು ಜಾದೂ, ಆಗುವುದು ಎಡವಟ್ಟು. ಆ ಎಡವಟ್ಟನ್ನು ಅಷ್ಟು ಚೆನ್ನಾಗಿ ಮಾಡಬೇಕಾದರೆ ನಿಜವಾದ ಜಾದೂ ಗೊತ್ತಿರಬೇಕು, ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ದೊಡ್ಡ ಮನುಷ್ಯನೊಬ್ಬ ಕೆಲಸಕ್ಕೆ ಬಾರದ ಒಂದು ವಿಷಯಕ್ಕೆ ಪೂರ್ತಿ ಮನಸ್ಸಿಟ್ಟು ಒದ್ದಾಡುವುದನ್ನು ನೋಡಿದರೆ ನಗುವಿನ ಜೊತೆಗೆ ಒಂಥರಾ ಪ್ರೀತಿಯೂ ಹುಟ್ಟುತ್ತದೆ. 1984ರ ಏಪ್ರಿಲ್ 15ರಂದು ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಲ್ಲಿ, ಟಿವಿಯ ನೇರ ಪ್ರಸಾರದಲ್ಲಿ, ಕೂಪರ್ ಪರದೆಗೆ ಒರಗಿದಂತೆ ಕುಸಿದು ಕೂತರು. ಜನ ನಕ್ಕರು. ಇದೂ ಆಟವೇ ಅಂದುಕೊಂಡರು. ಅದು ಹೃದಯಾಘಾತ. ಆ ನಗುವಿಗೆ ನಾನು ಯಾರನ್ನೂ ದೂರುವುದಿಲ್ಲ. ಮೂವತ್ತಕ್ಕೂ ಜಾಸ್ತಿ ವರ್ಷ ಅವರು ಜನಕ್ಕೆ ಕಲಿಸಿದ್ದೇ ಅದು: ನಾನು ಎಡವಿದರೆ ನಗಿ.

ಅಷ್ಟರಲ್ಲಿ ಹೊಸ ತಲೆಮಾರು ಬಂದಿತ್ತು. 1979ರ ಮೇ ತಿಂಗಳಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಮಿಡಿ ಸ್ಟೋರ್ ಅನ್ನೋ ಹಾಸ್ಯದ ಕ್ಲಬ್ ತೆರೆಯಿತು. ಹಿಡಿಸದಿದ್ದರೆ ಜನ ಕೂಗುತ್ತಿದ್ದರು, ಜಾಗಟೆ ಬಾರಿಸಿ ಕೆಳಗಿಳಿಸುತ್ತಿದ್ದರು. ಅತ್ತೆ, ವಲಸಿಗ, ಹೆಂಡತಿಯನ್ನು ಹೀಯಾಳಿಸುವ ಹಳೇ ಜೋಕು ಬೇಡ ಅಂದ ಗುಂಪು ಇದು. ಒಂದಿಷ್ಟು ಜನ ರಾಜಕೀಯ ಮಾತಾಡಿದರು. ಇನ್ನೊಂದಿಷ್ಟು ಜನ ಶುದ್ಧ ಹುಚ್ಚಾಟಕ್ಕೆ ಇಳಿದರು. 'ಗ್ರೇಟೆಸ್ಟ್ ಶೋ ಆನ್ ಲೆಗ್ಸ್' ತಂಡದ ಬಲೂನ್ ನೃತ್ಯ ನೋಡಿ. ಮೂವರು ಗಂಡಸರು, ಮೈಮೇಲೆ ಬಟ್ಟೆ ಇಲ್ಲ, ತಲಾ ಎರಡು ಬಲೂನು. ಕುಣಿಯುತ್ತಾ ಬಲೂನು ಅದಲುಬದಲು ಮಾಡಬೇಕು, ಆದರೆ ಮಾನ ಹೋಗಬಾರದು. ಅದರಲ್ಲಿದ್ದ ಮಾಲ್ಕಮ್ ಹಾರ್ಡಿ ಮುಂದೆ ಎಷ್ಟೋ ಹೊಸಬರಿಗೆ ವೇದಿಕೆ ಕೊಟ್ಟರು.

ನನಗೆ ಇನ್ನೂ ಜಾಸ್ತಿ ಇಷ್ಟ 'ಐಸ್‌ಮ್ಯಾನ್'. ನಿಜ ಹೆಸರು ಆಂಟನಿ ಅರ್ವಿನ್. ವೇದಿಕೆಗೆ ಒಂದು ಐಸ್‌ಗಡ್ಡೆ ತರುತ್ತಿದ್ದರು. ಅದನ್ನು ಕರಗಿಸುವುದೇ ಪ್ರದರ್ಶನ. ಐಸ್ ಯಾರ ಅವಸರಕ್ಕೂ ಕರಗುವುದಿಲ್ಲ. ಆ ಮನುಷ್ಯ ಏನೇನೋ ಉಪಾಯ ಹೂಡುತ್ತಾ ಇರುವಾಗ ಗಡ್ಡೆ ಸುಮ್ನೆ ಕೂತಿರುತ್ತದೆ, ಒಂದೊಂದು ಹನಿ ಬೀಳುತ್ತದೆ. ನೋಡುವವರು ಆ ಹನಿಗೆ ಕಾಯುತ್ತಾರೆ. ಅದನ್ನು ಬರೆದು ತೋರಿಸಲು ಆಗುವುದಿಲ್ಲ, ಆ ರಾತ್ರಿ ಅಲ್ಲಿ ಕೂತಿರಬೇಕು.

ಆಮೇಲಿನ ವರ್ಷಗಳಲ್ಲಿ ಇದು ಬೇರೆ ಬೇರೆ ದಾರಿ ಹಿಡಿಯಿತು. 1993ರಲ್ಲಿ ಎಡಿನ್‌ಬರೋದ ಪೆರಿಯೆ ಹಾಸ್ಯ ಪ್ರಶಸ್ತಿ ಗೆದ್ದ ಲೀ ಇವಾನ್ಸ್ ಸೂಟು ಬೆವರಿನಲ್ಲಿ ತೊಪ್ಪೆಯಾಗುವಷ್ಟು ಕುಣಿದಾಡಿದರು. ಕುಂಬಾರಿಕೆ ಕಲಿತಿದ್ದ ಜಾನಿ ವೇಗಸ್ ವೇದಿಕೆಗೆ ತಿಗರಿಯನ್ನೇ ತಂದು, ಅರಚಾಡುತ್ತಾ ಮಡಕೆ ಮಾಡಿದರು.

2016ರಲ್ಲಿ ಎಡಿನ್‌ಬರೋ ಹಾಸ್ಯ ಪ್ರಶಸ್ತಿ ಗೆದ್ದ ರಿಚರ್ಡ್ ಗ್ಯಾಡ್ ಟ್ರೆಡ್‌ಮಿಲ್ ಮೇಲೆ ಓಡಿದರು. ಬೆನ್ನಟ್ಟುವುದು ಗೊರಿಲ್ಲಾ. ಕೇಳಲು ಹುಡುಗಾಟ. ಹೇಳಿದ್ದು ತಮ್ಮ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಕಥೆ. ಆ ಏದುಸಿರಿನಲ್ಲಿ ನಟನೆ ಎಷ್ಟು, ನಿಜ ಎಷ್ಟು ಅಂತ ಬಿಡಿಸಲು ಆಗುವುದಿಲ್ಲ. ಮೈಯ ಹಾಸ್ಯ ಇಷ್ಟು ಭಾರ ಹೊರಬಲ್ಲದು ಅಂತ ಗೊತ್ತಾದ ಮೇಲೆ ಅದನ್ನು ಮಕ್ಕಳಾಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಗ್ರಿಮಾಲ್ಡಿಯ ಸಮಾಧಿ ಉತ್ತರ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿದೆ, ಅವನ ಹೆಸರಿನ ಪುಟ್ಟ ಪಾರ್ಕಿನೊಳಗೆ. ಅಲ್ಲಿ ನೆಲದಲ್ಲಿ ಶವಪೆಟ್ಟಿಗೆಯ ಆಕಾರದಲ್ಲಿ ಕಂಚಿನ ಬಿಲ್ಲೆಗಳನ್ನು ಕೂರಿಸಿದ್ದಾರೆ. ತುಳಿದರೆ ಸ್ವರ ಹೊರಡುತ್ತದೆ. ಸರಿಯಾದ ಬಿಲ್ಲೆಗಳ ಮೇಲೆ ಸರಿಯಾಗಿ ಕುಣಿದರೆ ಅವನ ಕಾಲದ ಅವನದೇ ಹಾಡೊಂದು ಮೂಡುತ್ತದೆ.